ಕುದುರೆಗೆ ಒಪ್ಪುವ ಊರು

ವರ್ಗಾವಣೆ ಕೌನ್ಸೆಲಿಂಗಿಗೆ ಮುಂಚೆ ಬೇರೆ ಮೇಷ್ಟರುಗಳೆಲ್ಲ ಆ ಊರಿಗೆ ಬಸ್ಸು ಎಷ್ಟೊತ್ತಿಗಿದೆ, ಬಾಡಿಗೆ ಮನೆಗೆ ನಲ್ಲಿ ಇದೆಯೆ ಎಂದು ವಿಚಾರಿಸಿಕೊಂಡು ಬರುತ್ತಿದ್ದರು. ನಾವು ನೆಲ ನೋಡಿಕೊಂಡು ಬರುತ್ತಿದ್ದೆವು. ನನ್ನ ಗಂಡ ಸ್ಕೂಟರ್ ನಿಲ್ಲಿಸಿ, ರಸ್ತೆಯಿಂದ ಇಳಿದು, ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದರು. ಆಮೇಲೆ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಗುದ್ದಿ ಕಿವಿಗೊಡುತ್ತಿದ್ದರು. ಊರಿನವರು ನಮ್ಮನ್ನು ಬೋರ್‌ವೆಲ್ ಪಾಯಿಂಟ್ ನೋಡುವವರು ಎಂದುಕೊಳ್ಳುತ್ತಿದ್ದರು.

ನಮ್ಮಲ್ಲಿ ಎರಡು ಕುದುರೆಗಳಿದ್ದವು. ನನ್ನ ಗಂಡ ಹುಡುಗರಾಗಿದ್ದಾಗ ಮೈಸೂರಿನ ರೇಸ್ ಕುದುರೆಗಳ ಲಾಯದಲ್ಲಿ ಬೆಳಗಿನ ಓಟಕ್ಕೆ ಕುದುರೆ ಹತ್ತಿದವರು. ಮೈ ತೂಕ ಬಂದ ಮೇಲೆ ಖಾಸಗಿ ಸವಾರಿ ಶಾಲೆಯೊಂದರಲ್ಲಿ ಕಲಿಸುವ ಕೆಲಸಕ್ಕೆ ಸೇರಿದರು. ಮದುವೆಯಾದ ಮೇಲೆ ನನಗೂ ಅಲ್ಲಿಯೇ ಕಲಿಸಿದರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಆ ಶಾಲೆಯ ಜಾಗ ಬಡಾವಣೆ ಮಾಡುವವರ ಕೈ ಸೇರಿತು. ಕುದುರೆಗಳನ್ನು ಒಂದೊಂದಾಗಿ ಲಾರಿ ಹತ್ತಿಸಿ ಕಳಿಸಿದರು. ಎರಡನ್ನು ಮಾತ್ರ ಯಾರೂ ಕೇಳಲಿಲ್ಲ. ಒಂದು, ಕಾಲು ಉಳುಕಿ ರೇಸಿನಿಂದ ಹೊರಬಿದ್ದಿದ್ದ ಕೆಂದು ಬಣ್ಣದ ಹೆಣ್ಣು ಕುದುರೆ. ಇನ್ನೊಂದು, ನಾನು ಸವಾರಿ ಕಲಿತ ಬೂದು ಬಣ್ಣದ ಗಂಡು, ಅದಕ್ಕೆ ವಯಸ್ಸಾಗಿತ್ತು. ಎರಡನ್ನೂ ಅವರು ನಮ್ಮ ಬಾಡಿಗೆ ಮನೆಯ ಹಿತ್ತಿಲಿಗೆ ತಂದು ಕಟ್ಟಿದರು.

ಅಲ್ಲಿಂದ ಒಂದು ವರ್ಷ ಅವರು ಹೆಚ್ಚುಕಡಿಮೆ ಮಾತೇ ಆಡಲಿಲ್ಲ. ನಾನು ಬೆಳಿಗ್ಗೆ ನಂಜನಗೂಡಿನ ಬಸ್ಸು ಹಿಡಿದು ಶಾಲೆಗೆ ಹೋಗುವಾಗ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಸಂಜೆ ಬಂದಾಗಲೂ ಅಲ್ಲೇ ಇರುತ್ತಿದ್ದರು. ಸುತ್ತ ಮನೆಗಳು ಎದ್ದಿದ್ದವು. ಕುದುರೆಗಳನ್ನು ಅಡ್ಡಾಡಿಸಲು ಟಾರು ರಸ್ತೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಲದ್ದಿಯ ವಾಸನೆ ಎಂದು ಅಕ್ಕಪಕ್ಕದವರು ದೂರು ಹೇಳಿದರು, ಮನೆಯ ಯಜಮಾನರು ಖಾಲಿ ಮಾಡಿ ಎಂದರು. ಆ ಬೇಸಿಗೆಯಲ್ಲಿ ನನಗೆ ವರ್ಗಾವಣೆ ಕೇಳುವ ಅವಕಾಶ ಬಂತು. ಖಾಲಿ ಇದ್ದ ಶಾಲೆಗಳ ಪಟ್ಟಿಯನ್ನು ತಂದು ಅವರ ಮುಂದಿಟ್ಟು, "ನೀವೇ ಆರಿಸಿ. ಕುದುರೆಗೆ ಎಲ್ಲಿ ಒಪ್ಪುತ್ತದೋ ಅಲ್ಲಿಗೆ ಹೋಗೋಣ" ಎಂದೆ.

ಪಟ್ಟಿಯಲ್ಲಿ ಅವರು ಮೂರು ಊರಿಗೆ ಗೀಟು ಹಾಕಿದರು.

ಮೊದಲು ಬಿಳಿಗೆರೆ ಕಡೆಯ ಒಂದು ಹಳ್ಳಿಗೆ ಹೋದೆವು. ಹೊಲದ ನಡುವೆ ಗಾಡಿ ಜಾಡುಗಳು ಬೇಕಾದಷ್ಟಿದ್ದವು. ರಾಗಿ, ಹುರುಳಿ ಬೆಳೆಯುವ ಜಾಗ, ಜನ ಒಳ್ಳೆಯವರು. ಆದರೆ ನೆಲದ ತುಂಬ ಕಲ್ಲು. "ಆರು ತಿಂಗಳಿಗೆ ಗೊರಸು ಸೀಳಿಹೋಗುತ್ತೆ" ಎಂದರು ನನ್ನ ಗಂಡ. ಎರಡನೆಯದು ಹುಲ್ಲಹಳ್ಳಿಯ ಹತ್ತಿರ, ನಾಲೆಯ ಏರಿಯ ಪಕ್ಕ. ನೆರಳಿತ್ತು, ಹಸಿರಿತ್ತು. ಆದರೆ ಏರಿಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುತ್ತಿದ್ದವು, ಎರಡೂ ಕಡೆ ಭತ್ತದ ಗದ್ದೆ. "ಮಳೆಗಾಲದಲ್ಲಿ ಇವಕ್ಕೆ ಒಣ ನೆಲ ಎಲ್ಲಿಂದ ತರೋದು? ಕಾಲು ಕೊಳೆಯುತ್ತೆ" ಎಂದರು.

ಮೂರನೆಯದು ತಿ. ನರಸೀಪುರದಿಂದ ಆಚೆ, ಕಾವೇರಿಯ ದಂಡೆಯ ಊರು. ಮುಡುಕುತೊರೆಯ ಬೆಟ್ಟ ಅಲ್ಲಿಂದ ಕಾಣುತ್ತದೆ. ಊರ ಕೊನೆಗೆ ಒಂದು ಮನೆ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಪಕ್ಕದಲ್ಲೇ ಉದ್ದನೆಯ ಕೊಟ್ಟಿಗೆ, ಎತ್ತರದ ಸೂರು. ಕುದುರೆಗೆಂದೇ ಕಟ್ಟಿಸಿದ ಹಾಗಿತ್ತು. ಮನೆಯ ಹಿಂದಿನಿಂದ ಒಂದು ದಾರಿ ಹೊಳೆಯ ದಂಡೆಗುಂಟ ಹೊರಟು ಮೈಲಿಗಟ್ಟಲೆ ಹೋಗುತ್ತಿತ್ತು. ಮೆತ್ತನೆಯ ಮರಳು ಮಿಶ್ರಿತ ಮಣ್ಣು, ಮೇಲೆ ಹೊಂಗೆಯ ನೆರಳು. ನನ್ನ ಗಂಡ ಚಪ್ಪಲಿ ಬಿಟ್ಟು ಆ ದಾರಿಯಲ್ಲಿ ಸ್ವಲ್ಪ ದೂರ ನಡೆದರು. ಆಮೇಲೆ ಓಡಿದರು. ನಲವತ್ತೈದು ದಾಟಿದ ಮನುಷ್ಯ ಪ್ಯಾಂಟು ಮಡಚಿಕೊಂಡು ಓಡಿಹೋಗಿ, ತಿರುಗಿ ಬಂದು, ಏದುಸಿರು ಬಿಡುತ್ತ ನಕ್ಕರು. "ರೇಸ್‌ಕೋರ್ಸಲ್ಲೂ ಇಂಥ ನೆಲ ಇಲ್ಲ ಕಣೇ!" ವರ್ಷದ ಮೇಲೆ ನಾನು ಕೇಳಿದ ಮೊದಲ ನಗು ಅದು.

ಅವರು ಕೊಟ್ಟಿಗೆಯ ಅಳತೆ ನೋಡಲು ಹೋದಾಗ ಪಕ್ಕದ ಮನೆಯ ಅಜ್ಜಿ ನನ್ನನ್ನು ಕರೆದು ಮಜ್ಜಿಗೆ ಕೊಟ್ಟರು. ನಾನು ಕುಡಿಯುವುದನ್ನೇ ನೋಡುತ್ತಿದ್ದು, ಆಮೇಲೆ ದನಿ ತಗ್ಗಿಸಿ ಹೇಳಿದರು:

"ಅವ್ವಾ, ಮನೆ ಚೆಂದಾಗದೆ, ಬಂದು ಇರಿ. ಆದ್ರೆ ಒಳೆ ದಾರೀಲಿ ಕುದ್ರೆ ಒಡ್ಕೊಂಡು ಓಗ್ಬ್ಯಾಡಿ ಕಣವ್ವ."

"ಯಾಕಜ್ಜಿ?"

"ಮ್ಯಾಲೆ ನೋಡಕೆ ದಾರಿ ಇದ್ದಂಗೇ ಅದೆ. ಕೆಳಗೆ ಮರ್ಳೆಲ್ಲ ಬಗ್ದುಬುಟ್ಟವ್ರೆ. ನಮ್ಮೆಮ್ಮೇನೂ ಆ ಕಡೀಕೆ ಬುಡಕಿಲ್ಲ ನಾವು."

ಇನ್ನೂ ಏನೋ ಕೇಳಬೇಕೆನ್ನುವಷ್ಟರಲ್ಲಿ ಒಬ್ಬ ಗಂಡಸು ಬೈಕಿನಲ್ಲಿ ಬಂದು ಜಗಲಿಯ ಮುಂದೆ ನಿಧಾನ ಮಾಡಿದ. ಬಿಳಿ ಷರಟು, ಹೊಸ ಬೈಕು. ಅಜ್ಜಿ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು, ತಿರುಗಿ ಬರಲಿಲ್ಲ.

ವಾಪಸ್ಸು ಬರುವಾಗ ಸ್ಕೂಟರಿನ ಹಿಂದೆ ಕೂತು ಇದನ್ನು ಹೇಳಬೇಕು ಎಂದುಕೊಂಡೆ. ಅವರು ದಾರಿಯುದ್ದಕ್ಕೂ ಮಾತಾಡುತ್ತಿದ್ದರು. ಗೋದಲಿ ಎಲ್ಲಿ ಕಟ್ಟಿಸುವುದು, ಹುಲ್ಲು ಎಲ್ಲಿ ಒಟ್ಟುವುದು, ಕೆಂದು ಕುದುರೆಯ ಕಾಲಿಗೆ ಆ ಮೆತ್ತನೆಯ ನೆಲ ಎಷ್ಟು ಹಿತ. ತಿ. ನರಸೀಪುರದ ಸೇತುವೆ ದಾಟುವಾಗ ಹೇಳೋಣ ಎಂದುಕೊಂಡೆ, ದಾಟಿದ ಮೇಲೆ ಮನೆಗೆ ಹೋಗಿ ಹೇಳೋಣ ಎಂದುಕೊಂಡೆ. ಹೇಳಲಿಲ್ಲ. ಕೌನ್ಸೆಲಿಂಗಿನ ದಿನ ನನ್ನ ಸರದಿ ಬಂದಾಗ ಆ ಊರಿನ ಹೆಸರನ್ನೇ ಹೇಳಿದೆ.

ಜೂನ್ ತಿಂಗಳಲ್ಲಿ ಅಲ್ಲಿಗೆ ಹೋದೆವು. ಸಲವಾರು ಹಾಕಿಕೊಂಡ ಟೀಚರಮ್ಮ ಕುದುರೆಯ ಮೇಲೆ ಹೋಗುವುದನ್ನು ನೋಡಲು ಮೊದಲ ವಾರ ಇಡೀ ಊರೇ ಜಗಲಿಗೆ ಬಂತು. ಆಮೇಲೆ ರೂಢಿಯಾಯಿತು. ಬೆಳಕು ಹರಿಯುತ್ತಿದ್ದ ಹಾಗೆ ನಾವಿಬ್ಬರೂ ಹೊರಡುತ್ತಿದ್ದೆವು. ಅವರು ಕೆಂದು ಕುದುರೆಯ ಮೇಲೆ ಮುಂದೆ, ನಾನು ಬೂದು ಕುದುರೆಯ ಮೇಲೆ ಹಿಂದೆ. ದಂಡೆಯ ಕೆಳಗೆ ನೀರಿನ ಅಂಚಿನಲ್ಲಿ ಲಾರಿಗಳು ನಿಂತಿರುತ್ತಿದ್ದವು. ಆಳುಗಳು ಬುಟ್ಟಿಯಲ್ಲಿ ಮರಳು ಹೊರುತ್ತಿದ್ದರು. ಯಂತ್ರವೊಂದು ದಂಡೆಯ ಬುಡಕ್ಕೇ ಬಾಯಿ ಹಾಕಿ ಅಗೆಯುತ್ತಿತ್ತು. ನಾವು ಕಾಣಿಸಿದ ಕೂಡಲೇ ಅದರ ಸದ್ದು ನಿಲ್ಲುತ್ತಿತ್ತು. ಕೆಳಗಿನವರೆಲ್ಲ ಕತ್ತೆತ್ತಿ ನಮ್ಮನ್ನೇ ನೋಡುತ್ತಿದ್ದರು. ನಾವು ದಾಟಿ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಆಗಸ್ಟಿನಲ್ಲಿ ಆ ಬಿಳಿ ಷರಟಿನವನು ಶಾಲೆಗೆ ಬಂದ. ಮಧ್ಯಾಹ್ನ ಊಟದ ಬೆಲ್ಲು ಹೊಡೆದಿತ್ತು. ಬಾಗಿಲ ಹೊರಗೇ ನಿಂತು ಕೈ ಮುಗಿದ.

"ಸಾರು ಬೆಳಿಗ್ಗೆ ಎಷ್ಟೊತ್ಗೆ ಸವಾರಿ ಒಂಡ್ತರೆ ಮೇಡಮ್ಮೋರೆ?"

"ಯಾಕೆ?"

"ಸುಮ್ಕೆ ಕೇಳ್ದೆ. ಒಳೆ ತಾವ ಲಾರಿ ಓಡಾಡ್ತವೆ, ಕುದ್ರೆ ಬೆಚ್ಚಿ ಗಿಚ್ಚಿ ಬಿದ್ದಾತು. ಊರ ಮ್ಯಾಲ್ಗಡೆ ರಸ್ತೆ ಅದಲ್ಲ, ಆ ಕಡೀಕೆ ಓಗಕಾಗಕಿಲ್ವಾ?"

"ಅವರನ್ನೇ ಕೇಳಿ."

"ಕೇಳ್ದೆ ಸಾರ್ನ. ಬೈದು ಕಳಿಸಿದ್ರು." ಹೋಗಲು ತಿರುಗಿ, "ನಿನ್ನೆ ನೀವು ಬರ್ನಿಲ್ಲ. ಸಾರೊಬ್ರೇ ಓದ್ರು" ಎಂದ. ಹಿಂದಿನ ದಿನ ನನಗೆ ತಲೆನೋವಿತ್ತು, ನಾನು ಹೋಗಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಸಂಜೆ ಗಂಡನಿಗೆ ಹೇಳಿದಾಗ ಅವರು ಕೆಂಡವಾದರು. "ಕಳ್ಳ ಮರಳು ತೆಗೀತಾರೆ, ನಾವು ನೋಡ್ತೀವಿ ಅಂತ ಅವರಿಗೆ ಭಯ. ಊರ ದಾರಿ ಅದು. ಅವನಪ್ಪನದಲ್ಲ." ಆಗಲಾದರೂ ಅಜ್ಜಿ ಹೇಳಿದ್ದನ್ನು ಹೇಳಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಅದನ್ನು ಮೂರು ತಿಂಗಳು ಬಚ್ಚಿಟ್ಟಾಗಿತ್ತು. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿಯಾರೆಂದು ಅನ್ನಕ್ಕೆ ಇಡಲು ಒಳಗೆ ಹೋದೆ.

ಮನೆಯ ಅಡಿಗೆಕೋಣೆಗೆ ಒಂದು ಕಿಟಕಿಯಿತ್ತು. ಒಲೆಯ ಮುಂದೆ ನಿಂತರೆ ದಂಡೆಯ ಮೇಲಿನ ದೊಡ್ಡ ಹೊಂಗೆ ಮರ ಕಾಣುತ್ತಿತ್ತು. ಅದರ ಪಕ್ಕ, ದೂರದಲ್ಲಿ, ಬೆಟ್ಟದ ಮೇಲಿನ ಗುಡಿ. ಜೂನಿನಲ್ಲಿ ಮರದ ಕಾಂಡಕ್ಕೂ ಗುಡಿಗೂ ನಡುವೆ ಎರಡು ಬೆರಳಿನಷ್ಟು ಆಕಾಶ ಇತ್ತು. ಸೆಪ್ಟೆಂಬರಿನಲ್ಲಿ ಒಂದು ದಿನ ಹಾಲು ಕಾಯಿಸುತ್ತ ನೋಡಿದರೆ ಒಂದು ಬೆರಳೂ ಇಲ್ಲ. ನಾನು ನಿಂತ ಜಾಗ ಬದಲಾಗಿರಬೇಕು ಎಂದುಕೊಂಡೆ. ಮರುದಿನ ಒಲೆಯ ಕಟ್ಟೆಗೆ ಹೊಟ್ಟೆ ತಾಗಿಸಿ ನೇರ ನಿಂತು ನೋಡಿದೆ. ಆ ತಿಂಗಳ ಕೊನೆಗೆ ಗುಡಿ ಕಾಂಡದ ಹಿಂದೆ ಹೋಯಿತು. ಮರ ಹೊಳೆಯ ಕಡೆಗೆ ವಾಲುತ್ತಿತ್ತು. ನಾನು ಹಾಲು ಇಳಿಸಿ, ಡಬ್ಬಿಗೆ ಊಟ ತುಂಬಿಕೊಂಡು ಶಾಲೆಗೆ ಹೋದೆ.

ಆಮೇಲೆ ಕೆಂದು ಕುದುರೆ ಮೊಂಡಾಟ ಶುರು ಮಾಡಿತು. ಆ ಮರದ ಹತ್ತಿರ ಬಂದ ಕೂಡಲೇ ಕಿವಿ ನಿಗುರಿಸಿ, ಮೂಗು ನೆಲಕ್ಕೆ ಹಚ್ಚಿ ಬುಸುಗುಡುತ್ತಿತ್ತು. ಮುಂದಿನ ಕಾಲು ಇಡುತ್ತಿರಲಿಲ್ಲ. ಮೊದಲ ದಿನ ಸಮಾಧಾನ ಮಾಡಿ ದಾಟಿಸಿದರು. ಎರಡನೆಯ ದಿನ ಬೆತ್ತ ತೋರಿಸಿದರು. ಮೂರನೆಯ ದಿನ ಏಟು ಬಿತ್ತು.

"ಬೇಡ ಕಣ್ರೀ, ಇವತ್ತು ತಿರುಗಿ ಹೋಗೋಣ" ಎಂದೆ.

"ರೇಸಿನ ಕುದುರೆ ಇದು. ಒಂದು ಸಲ ತಪ್ಪಿಸಿಕೊಳ್ಳೋಕೆ ಬಿಟ್ಟರೆ ಆಯುಸ್ಸುಪೂರ್ತಿ ತಪ್ಪಿಸುತ್ತೆ. ನಿನಗೆ ಗೊತ್ತಾಗಲ್ಲ."

ದಸರಾ ರಜೆಯಲ್ಲಿ ಮೇಲಿನ ಅಣೆಕಟ್ಟೆಗಳಿಂದ ನೀರು ಬಿಡುವುದನ್ನು ಕಡಿಮೆ ಮಾಡಿದರು. ತುಂಬಿ ಹರಿಯುತ್ತಿದ್ದ ಹೊಳೆ ಎರಡು ದಿನದಲ್ಲಿ ಸರ್ರನೆ ಇಳಿಯಿತು. ಮೂರನೆಯ ದಿನ ಬೆಳಿಗ್ಗೆ ನಾವು ಹೋದಾಗ ದಾರಿಗೆ ಅಡ್ಡಲಾಗಿ ಜಾಲಿ ಮುಳ್ಳು ಹೇರಿದ್ದರು. ಹಸಿ ಮುಳ್ಳು, ಎದೆಯೆತ್ತರಕ್ಕೆ. ಕೆಳಗೆ ಅವತ್ತು ಲಾರಿ ಇರಲಿಲ್ಲ, ಯಂತ್ರ ಇರಲಿಲ್ಲ, ಒಬ್ಬ ಆಳೂ ಇರಲಿಲ್ಲ. ಆ ಮೌನ ನನಗೆ ಸರಿಬರಲಿಲ್ಲ.

ನನ್ನ ಗಂಡ ಕುದುರೆಯಿಂದ ಇಳಿದರು. "ಬೇಲಿ ಹಾಕಿ ಹೆದರಿಸ್ತಾರೆ, ನೋಡು" ಎಂದು ಮುಳ್ಳಿನ ಕೊಂಬೆಗಳನ್ನು ಒಂದೊಂದಾಗಿ ಎಳೆದು ಪಕ್ಕಕ್ಕೆ ಎಸೆದರು. ಅವರ ಅಂಗೈಯಿಂದ ರಕ್ತ ಬರುತ್ತಿತ್ತು. ಆಗ ನಾನು ಬಾಯಿ ಬಿಟ್ಟೆ.

"ರೀ, ಅಜ್ಜಿ ಹೇಳಿದ್ದರು, ಈ ದಾರೀಲಿ ಹೋಗಬೇಡಿ ಅಂತ."

"ಯಾವ ಅಜ್ಜಿ? ಯಾವಾಗ?"

"ಮನೆ ನೋಡೋಕೆ ಬಂದಾಗ."

ಅವರು ರಿಕಾಪಿಗೆ ಕಾಲಿಟ್ಟವರು ಹಾಗೇ ನಿಂತು ನನ್ನ ಮುಖ ನೋಡಿದರು. ಹತ್ತಿ ಕೂತರು. ಕೋಪಕ್ಕೋ ಹಟಕ್ಕೋ ಕುದುರೆಯ ಪಕ್ಕೆಗೆ ಎರಡೂ ಹಿಮ್ಮಡಿಯಿಂದ ಒತ್ತಿದರು. ಕೆಂದು ಕುದುರೆಯ ಮೈ ಪೂರ್ತಿ ನಡುಗುತ್ತಿತ್ತು. ಆದರೂ ಸವಾರನ ಮಾತು ಕೇಳಿ ಹೋಯಿತು. ಮರ ದಾಟಿ ಐದಾರು ಹೆಜ್ಜೆ ಇಟ್ಟಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಭತ್ತದ ಮೂಟೆಯನ್ನು ನೆಲಕ್ಕೆ ಹಾಕಿದಂಥ ಶಬ್ದ, ಅಷ್ಟೆ. ನನ್ನ ಕಣ್ಣ ಮುಂದಿದ್ದ ದಾರಿ ಇಲ್ಲವಾಯಿತು. ಬೂದು ಕುದುರೆ ಗಿರಕ್ಕನೆ ಹಿಂದಕ್ಕೆ ತಿರುಗಿತು. ನಾನು ಕಡಿವಾಣ ಬಿಟ್ಟು ಕೆಳಗೆ ಬಿದ್ದೆ. ಅಂಬೆಗಾಲಿಟ್ಟು ಹೋಗಿ ಬಗ್ಗಿ ನೋಡಿದರೆ, ನಾಲ್ಕು ಆಳು ಆಳದಲ್ಲಿ ಕೆಸರು, ಕುಸಿದ ಮಣ್ಣಿನ ಹೆಂಟೆಗಳು. ನನ್ನ ಗಂಡ ಮರದ ಬೇರಿಗೆ ಸಿಕ್ಕಿಕೊಂಡು ನೇತಾಡುತ್ತಿದ್ದರು. ಕೆಂದು ಕುದುರೆ ಸೊಂಟದವರೆಗೆ ಹೂತುಹೋಗಿ ಮುಂಗಾಲಿನಲ್ಲಿ ಕೆಸರು ಬಡಿಯುತ್ತಿತ್ತು. ದಂಡೆಯ ಒಳಗೆ ಗುಹೆಯ ಹಾಗೆ ಪೊಳ್ಳಾಗಿತ್ತು. ಇಷ್ಟು ತಿಂಗಳು ನಾವು ಓಡಿಸಿದ್ದು ಒಂದು ಚಾವಣಿಯ ಮೇಲೆ.

ನಾನು ಕೂಗಿದ ಕೂಗಿಗೆ ಊರಿನವರು ಓಡಿಬಂದರು. ಎಲ್ಲರಿಗಿಂತ ಮುಂದೆ ಬಂದವನು ಬಿಳಿ ಷರಟಿನವನೇ. ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಮೊದಲು ಇಳಿದವನೂ ಅವನೇ. ನನ್ನ ಗಂಡನನ್ನು ಮೇಲಕ್ಕೆ ಎತ್ತಿ ಕಳಿಸಿದ. ಅವರ ಭುಜದ ಮೂಳೆ ಮುರಿದಿತ್ತು. ಆಮೇಲೆ ಮಧ್ಯಾಹ್ನದವರೆಗೂ ಹತ್ತು ಹನ್ನೆರಡು ಜನ ಕುದುರೆಯ ಸುತ್ತ ಮಣ್ಣು ತೆಗೆದರು, ಗೋಣಿಚೀಲ ಹಾಸಿದರು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದರು. ಕುದುರೆ ಈಚೆಗೆ ಬಂತು. ಆದರೆ ಹಿಂಗಾಲು ಎರಡೂ ಜೋತುಬಿದ್ದಿದ್ದವು. ಏಳಲು ಹೋಗುವುದು, ಕುಸಿಯುವುದು, ಮತ್ತೆ ಏಳಲು ಹೋಗುವುದು.

ಪಶುವೈದ್ಯರು ಬಂದು ಬೆನ್ನು ಮುಟ್ಟಿ ನೋಡಿ ತಲೆಯಾಡಿಸಿದರು. ನನ್ನ ಗಂಡ ಮುರಿದ ಭುಜದಲ್ಲೇ ಕೂತು ಕುದುರೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಸ್ಪತ್ರೆಗೆ ಹೋಗೋಣ ಎಂದರೆ ಕೇಳಲಿಲ್ಲ. ಅದರ ಕಣ್ಣಿಗೆ ಮೆತ್ತಿದ್ದ ಕೆಸರನ್ನು ತಮ್ಮ ಷರಟಿನ ಅಂಚಿನಿಂದ ಒರೆಸುತ್ತಿದ್ದರು. ಸೂಜಿ ಚುಚ್ಚಿದ ಮೇಲೂ ಒರೆಸುತ್ತಲೇ ಇದ್ದರು.

ಬಿಳಿ ಷರಟಿನವನು ಎದೆಯವರೆಗೆ ಕೆಸರು ಮೆತ್ತಿಕೊಂಡು ಎದುರಿಗೆ ಕುಕ್ಕರುಗಾಲಲ್ಲಿ ಕೂತಿದ್ದ. "ಮುಳ್ಳು ಆಕ್ಸಿದ್ದು ನಾನೇ ಸಾ" ಎಂದ. "ನೀರು ಇಳಿದ್ ಮ್ಯಾಲೆ ದಂಡೆ ನಿಲ್ಲಕಿಲ್ಲ ಅಂತ ನಮ್ಗೆ ಗೊತ್ತಿತ್ತು. ಅದ್ಕೇ ಕೆಲ್ಸ ಬುಟ್ಟು ಓದೊ. ಯಾಕ್ ತಗುದ್ರಿ ಸಾ ಮುಳ್ನ?"

"ಬಾಯಿಬಿಟ್ಟು ಹೇಳೋಕಾಗಲಿಲ್ವಾ?" ಎಂದು ನಾನು ಚೀರಿದೆ.

"ಏನಂತ ಏಳ್ಳಿ ಮೇಡಮ್ಮೋರೆ? ನಾವೇ ಕೊರ್ದಿದ್ದೀವಿ ಅಂತಾನಾ?"

ಅವನ ಹಾಗೆ ನನಗೂ ಗೊತ್ತಿತ್ತು, ಅವನ ಹಾಗೆ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಅವನು ಮುಳ್ಳನ್ನಾದರೂ ಹಾಕಿಸಿದ್ದ.

ಸಂಜೆ ಮರಳು ಅಗೆಯುವ ಅದೇ ಯಂತ್ರವನ್ನು ತಂದು ಮೇಲಿನ ಹೊಲದ ಬದುವಿನಲ್ಲಿ ಗುಂಡಿ ತೋಡಿದರು. ನನ್ನ ಗಂಡ ಬೇಡವೆನ್ನಲಿಲ್ಲ. ಬೇರೆ ಯಾವುದರಿಂದಲೂ ಅಷ್ಟು ದೊಡ್ಡ ಗುಂಡಿ ತೋಡಲು ಆಗುತ್ತಿರಲಿಲ್ಲ.

ದೂರು ಕೊಡುವ ಮಾತು ಬಂತು. ನಮ್ಮ ಹೆಡ್‌ಮಾಸ್ಟರು ಮನೆಗೆ ಬಂದು ಕಾಫಿ ಕುಡಿದು, "ಕೊಡೋದಾದ್ರೆ ಕೊಡಿ ಮೇಡಂ, ನಾನು ಬೇಡ ಅನ್ನಲ್ಲ. ಆದ್ರೆ ಆಮೇಲೆ ನೀವು ದಿನಾ ಈ ಊರಲ್ಲೇ ಓಡಾಡಬೇಕು" ಎಂದರು. ಕೊಡಲಿಲ್ಲ. ಒಂದು ತಿಂಗಳು ಹೊಳೆಯಲ್ಲಿ ಸದ್ದಿರಲಿಲ್ಲ. ಆಮೇಲೆ ಇನ್ನಷ್ಟು ಕೆಳಗಡೆ, ಬೇರೆ ಜಾಗದಲ್ಲಿ, ಯಂತ್ರ ಮತ್ತೆ ಗುರುಗುಡತೊಡಗಿತು. ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿಯೇ ಅದನ್ನು ಕೇಳುತ್ತಿದ್ದೆವು. ಅಲ್ಲಿಯ ದಂಡೆಯ ಮೇಲೂ ಒಂದು ದಾರಿ ಇತ್ತು. ಅದರಲ್ಲಿ ಹೆಂಗಸರು ಹುಲ್ಲಿನ ಹೊರೆ ಹೊತ್ತು ಓಡಾಡುತ್ತಿದ್ದರು. ಅಷ್ಟು ಮಾತ್ರ ನಾನು ಮಾಡಿದೆ: ಪಕ್ಕದ ಅಜ್ಜಿಯ ಜೊತೆ ಮನೆಮನೆಗೆ ಹೋಗಿ, ಆ ದಾರಿ ಬೇಡ ಎಂದು ಹೇಳಿ ಬಂದೆ. ಕೆಲವರು ಹೂಂ ಅಂದರು. ಕೆಲವರು, ಮೇಲಿನ ರಸ್ತೆ ಸುತ್ತಾಯ್ತದೆ ಕಣವ್ವ ಎಂದರು.

ನನ್ನ ಗಂಡ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದೇ ಕಷ್ಟವಾಗಿತ್ತು. ಕೈಗೆ ಜೋಳಿಗೆ ಕಟ್ಟಿಕೊಂಡೇ ಬೂದು ಕುದುರೆಗೆ ಹುರುಳಿ ಬೇಯಿಸಿ ಹಾಕುತ್ತಿದ್ದರು. ಒಬ್ಬಂಟಿಯಾದ ಮೇಲೆ ಅದು ಪಕ್ಕದ ಖಾಲಿ ಗೋದಲಿಯ ಕಡೆಗೆ ಮುಖ ಮಾಡಿ ನಿಲ್ಲುತ್ತಿತ್ತು. ಒಂದು ಸಂಜೆ ನಾನೇ ಕೊಟ್ಟಿಗೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಜ್ಜಿಯ ಮಾತು, ಕಿಟಕಿಯಿಂದ ಕಂಡ ಮರ, ಎಲ್ಲವನ್ನೂ. "ನೀವು ಆವತ್ತು ನಕ್ಕಿರಿ. ಆ ನಗು ಹೋಗಿಬಿಡುತ್ತೆ ಅಂತ ಹೇಳಲಿಲ್ಲ" ಎಂದೆ.

ಅವರು ಬೂದು ಕುದುರೆಯ ಮೈ ಮಾಲೀಸು ಮಾಡುವುದನ್ನು ನಿಲ್ಲಿಸಲಿಲ್ಲ. ಅದರ ಇನ್ನೊಂದು ಪಕ್ಕಕ್ಕೆ ಹೋಗಿ, "ಆ ಕೆಂದು ಕುದುರೆ ನಾಲ್ಕು ದಿನ ನನಗೆ ಹೇಳ್ತು. ಅದರ ಮಾತೇ ಕೇಳದವನು ನಿನ್ನ ಮಾತು ಕೇಳ್ತಿದ್ದೆನಾ?" ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ನಿಜಕ್ಕೂ ಹಾಗೇ ಅನ್ನಿಸಿತ್ತೋ ಗೊತ್ತಿಲ್ಲ.

ಮುಂದಿನ ಬೇಸಿಗೆಯಲ್ಲಿ ಬಿಳಿಗೆರೆ ಕಡೆಯ ಅದೇ ಕಲ್ಲು ನೆಲದ ಹಳ್ಳಿಯ ಟೀಚರೊಬ್ಬರು ಪರಸ್ಪರ ವರ್ಗಾವಣೆಗೆ ಒಪ್ಪಿದರು. ಅವರಿಗೆ ಹೊಳೆಯ ಗಾಳಿ ಬೇಕಿತ್ತಂತೆ. ಅವರಿಗೆ ದಾರಿಯ ವಿಷಯವನ್ನೆಲ್ಲ ಮೊದಲೇ ಬಿಡಿಸಿ ಹೇಳಿದೆ. "ನಮಗೇನು ಕುದುರೆ ಇದೆಯೇ ಮೇಡಂ?" ಎಂದು ನಕ್ಕರು.

ಬಿಳಿಗೆರೆಯ ಕಡೆ ಸವಾರಿ ದಾರಿ ಎನ್ನುವಂಥದ್ದು ಏನೂ ಇರಲಿಲ್ಲ. ಲಾಳ ಬೇಗ ಸವೆಯುತ್ತಿತ್ತು. ಲಾಳ ಕಟ್ಟುವವರನ್ನು ಮೈಸೂರಿನಿಂದ ಕರೆಸಬೇಕಾಗಿತ್ತು. ನನ್ನ ಗಂಡ ಆಮೇಲೆ ಕುದುರೆ ಹತ್ತಲಿಲ್ಲ. ಭುಜ ಕೂಡಿಕೊಂಡಿತ್ತು, ಡಾಕ್ಟರು ಹತ್ತಬಹುದು ಎಂದಿದ್ದರು. ಬೆಳಿಗ್ಗೆ ನಾನು ಬೂದು ಕುದುರೆಯ ಮೇಲೆ ಹೊರಟರೆ ಅವರು ಇಪ್ಪತ್ತು ಮಾರು ಮುಂದೆ ಕೋಲು ಊರಿಕೊಂಡು ನಡೆಯುತ್ತಿದ್ದರು. ಹುರುಳಿ ಹೊಲದ ಬದುವಿನಲ್ಲಿ, ಕಲ್ಲು ತುಂಬಿದ ಗಾಡಿ ಜಾಡಿನಲ್ಲಿ, ಸಾವಿರ ವರ್ಷದಿಂದ ಅಲುಗದ ನೆಲದ ಮೇಲೂ ಕೋಲಿನಿಂದ ತಟ್ಟಿ ತಟ್ಟಿ ನೋಡಿ, ತಿರುಗಿ ಕೈ ಎತ್ತುತ್ತಿದ್ದರು. ಆಗ ನಾನು ಬರಬೇಕು. ಒಂದೊಂದು ದಿನ ಯಾವುದೋ ಜಾಗದಲ್ಲಿ ನಿಂತೇಬಿಡುತ್ತಿದ್ದರು. ಅಲ್ಲಿ ನನಗೇನೂ ಕಾಣುತ್ತಿರಲಿಲ್ಲ, ಕುದುರೆಗೂ ಏನೂ ಅನ್ನಿಸುತ್ತಿರಲಿಲ್ಲ. ಆದರೂ ಅವರು ಕೈ ಎತ್ತದಿದ್ದರೆ ನಾನು ಮುಂದಕ್ಕೆ ಹೋಗುತ್ತಿರಲಿಲ್ಲ. ಕುದುರೆಯನ್ನು ತಿರುಗಿಸಿಕೊಂಡು ಮನೆಗೆ ಬರುತ್ತಿದ್ದೆವು.